ಹಸಿರಾಗುವುದಷ್ಟೇ ಅದರ ಕೆಲಸ

ಬಟನ್ ಬಹಳ ಚೆನ್ನಾಗಿ ಬಂದಿತ್ತು. ಬೆಳಗಿನಿಂದ ಮೈತ್ರೇಯಿಗಿದ್ದ ಸಂಕಟಕ್ಕೆ ಅದೇ ಕಾರಣ. ಕೆಟ್ಟದಾಗಿ ಬಂದಿದ್ದರೆ ಸರಿಮಾಡುವ ನೆಪದಲ್ಲಿ ಇನ್ನೊಂದು ವಾರ ದೂಡಬಹುದಿತ್ತು. ಇದು ದುಂಡಗೆ, ವಯಸ್ಸಾದವರ ಬೆರಳಿಗೂ ತಪ್ಪದೆ ಸಿಗುವ ಅಳತೆಯಲ್ಲಿ, ನಡುವೆ ಒಂದು ನೀರಿನ ಹನಿ, ಕೆಳಗೆ ದಪ್ಪ ಅಕ್ಷರದಲ್ಲಿ 'ಮೋಟರ್' ಎಂದು ಹೊತ್ತುಕೊಂಡು ಲ್ಯಾಪ್‌ಟಾಪಿನ ಪರದೆಯ ಮೇಲೆ ಕೂತಿತ್ತು. ಮುಟ್ಟಿದರೆ ಬೂದು ಬಣ್ಣ ಮೆಲ್ಲಗೆ ಹಸಿರಾಗುತ್ತಿತ್ತು. ಉಳಿದ ಬಟನ್‌ಗಳು ಫಕ್ಕನೆ ಬಣ್ಣ ಬದಲಿಸುತ್ತವೆ. ಇದೊಂದಕ್ಕೆ ಮಾತ್ರ ಅವಳು ಅರ್ಧ ಸೆಕೆಂಡು ತಡ ಇಟ್ಟಿದ್ದಳು, ಎಲ್ಲೋ ಕೆಳಗೆ ಭಾರವಾದ ಯಂತ್ರವೊಂದು ಮೈಮುರಿದು ಏಳುತ್ತಿದೆ ಎನಿಸಲಿ ಎಂದು. ಎಲ್ಲಿಯೂ ಯಾವ ಯಂತ್ರವೂ ಏಳುತ್ತಿರಲಿಲ್ಲ. ಹಸಿರಾಗುವುದಷ್ಟೇ ಅದರ ಕೆಲಸ.

ಜೆ.ಪಿ. ನಗರ ಎರಡನೇ ಹಂತದಲ್ಲಿ, ಒಂದು ಬೇಕರಿಯ ಮೇಲಿನ ಮಹಡಿ ಅವರ ಆಫೀಸು. ದೊಡ್ಡ ಮನೆ ಕಟ್ಟಿಸುವವರಿಗೆ ಗೋಡೆಗೆ ಹಾಕುವ ಟಚ್ ಸ್ಕ್ರೀನ್ ರಿಮೋಟು ಮಾಡಿಕೊಡುವುದು ಕಸುಬು. ಟೀವಿ, ಎಸಿ, ಕಿಟಕಿ ಪರದೆ, ಗೇಟು, ದೀಪ ಎಲ್ಲವೂ ಒಂದೇ ಗಾಜಿನ ಮೇಲೆ. ತಂತಿ ಎಳೆಯುವ ಕೆಲಸವೆಲ್ಲ ಮಾಲೀಕ ಭಾರ್ಗವನದು. ಯಾವ ಬಟನ್ ಯಾವಾಗ ಕಾಣಬೇಕು, ಯಾವಾಗ ಮರೆಯಾಗಬೇಕು ಎಂದು ತೀರ್ಮಾನಿಸುವುದು ಮೈತ್ರೇಯಿಯದು. ನೋಡುವವರು ಪುಟ ತಿರುಗಿತು ಅಂದುಕೊಳ್ಳುತ್ತಾರೆ. ನಿಜವಾಗಿ ಪುಟ ಒಂದೇ. ಎಲ್ಲ ಬಟನ್‌ಗಳೂ ಅಲ್ಲೇ ಒಂದರ ಮೇಲೊಂದು ಮಲಗಿರುತ್ತವೆ, ಮದುವೆ ಛತ್ರದ ರೂಮಿನಲ್ಲಿ ನೆಂಟರು ಮಲಗಿರುವ ಹಾಗೆ. ಟೀವಿ ಎಂದು ಮುಟ್ಟಿದರೆ ಟೀವಿಯವರು ಎದ್ದು ಕೂರುತ್ತಾರೆ, ಉಳಿದವರು ಮುಸುಕೆಳೆದುಕೊಳ್ಳುತ್ತಾರೆ. ಮೊದಲ ದಿನವೇ ಭಾರ್ಗವ ಹೇಳಿಕೊಟ್ಟ ನಿಯಮ, ಏನನ್ನೇ ತೋರಿಸುವ ಮೊದಲು ಎಲ್ಲವನ್ನೂ ಮರೆಮಾಡಿ ಎಂಬುದು. ಒಂದನ್ನು ಮರೆಮಾಡಲು ಮರೆತರೂ ಟೀವಿಯ ಸದ್ದು ಹೆಚ್ಚಿಸಲು ಹೋದವರ ಬೆರಳಿಗೆ ಅಡಿಯಲ್ಲಿದ್ದ ಫ್ಯಾನು ಸಿಕ್ಕಿ ತಿರುಗಿಬಿಡುತ್ತದೆ. ಮೈತ್ರೇಯಿಗೆ ಈ ನಿಯಮ ಹೊಸದೆನಿಸಿರಲಿಲ್ಲ. ಜಯನಗರದ ಮನೆಯಲ್ಲಿ ಯಾರಾದರೂ ಬರುತ್ತೇನೆಂದು ಫೋನು ಮಾಡಿದರೆ ಅಮ್ಮ ಮಾಡುತ್ತಿದ್ದದ್ದೂ ಇದನ್ನೇ. ಮಡಿಸದ ಬಟ್ಟೆ, ಅಪ್ಪನ ಮಾತ್ರೆಯ ಡಬ್ಬ, ಮೈತ್ರೇಯಿಯ ಗಣಿತದ ಅಂಕ ಎಲ್ಲ ಮೊದಲು ಒಳಗೆ. ಗಾಜಿನ ಲೋಟ ಆಮೇಲೆ ಹೊರಗೆ. ಮೂವತ್ತೆಂಟು ವರ್ಷಕ್ಕೆ ಮೈತ್ರೇಯಿ ಇದರಲ್ಲಿ ಎಷ್ಟು ಪಳಗಿದ್ದಳೆಂದರೆ, ತನಗೇ ಏನು ಬೇಕು ಎನ್ನುವುದನ್ನು ಹುಡುಕಲು ಒಮ್ಮೊಮ್ಮೆ ನಾಲ್ಕು ಪುಟ ಹಿಂದೆ ಹೋಗಬೇಕಾಗುತ್ತಿತ್ತು. 'ಇಲ್ಲ' ಎನ್ನುವ ಬಟನ್ ಅವಳಲ್ಲೂ ಇತ್ತು. ಅದರ ಪಕ್ಕದ 'ತೋರಿಸು' ಎನ್ನುವ ಟಿಕ್ಕನ್ನು ಯಾರೋ ಯಾವಾಗಲೋ ತೆಗೆದಿದ್ದರು, ಅಷ್ಟೆ.

ಹಾಗಾಗಿಯೇ ಎರಡು ವಾರದ ಹಿಂದೆ ಚೈತ್ರ ಕೇಳಿದಾಗ ಅವಳು ಹೂಂ ಅಂದುಬಿಟ್ಟಿದ್ದಳು. ಅರೆಕೆರೆಯ ತಿಮ್ಮರಾಯಪ್ಪನವರ ಹೊಸ ಮನೆಯ ಸೊಸೆ ಚೈತ್ರ. ಬ್ಯಾಂಕೊಂದಕ್ಕೆ ಮನೆಯಿಂದಲೇ ಕೆಲಸ ಮಾಡುವವಳು, ಮಾತಿಗೆ ಮೊದಲು ನಗುವವಳು, ಕಾಫಿಗೆ ಸಕ್ಕರೆ ಎಷ್ಟು ಎಂದು ಕೇಳಿ ಮುಂದಿನ ಸಲಕ್ಕೂ ನೆನಪಿಟ್ಟುಕೊಳ್ಳುವವಳು. ಅವಳು ಅತ್ತೆ ಗೌರಮ್ಮನವರನ್ನು ಒಂದು ಮಾತೂ ಆಡಿಕೊಳ್ಳಲಿಲ್ಲ. ಕಷ್ಟ ಇಷ್ಟೇ ಎಂದಳು: ಮನೆಯ ಹಿಂಬದಿಯ ಬಾಡಿಗೆ ಮನೆಗಳ ಟ್ಯಾಂಕು ಸಣ್ಣದು, ಅತ್ತೆ ಮೋಟರ್ ಹಾಕುತ್ತಾರೆ, ಮರೆಯುತ್ತಾರೆ, ತುಂಬಿ ಹರಿದ ನೀರು ಪಕ್ಕದ ಮನೆಯ ಕೈಲಾಸ್ ಅಂಕಲ್ ಕಾರಿನ ಮೇಲೆ ಬೀಳುತ್ತದೆ, ಅವರು ಬೆಲ್ ಒತ್ತುತ್ತಾರೆ, ನೈಟಿಯ ಮೇಲೆ ವೇಲು ಹೊದ್ದು ಕೆಳಗೆ ಹೋಗಿ ಸಾರಿ ಅಂಕಲ್ ಎನ್ನಬೇಕಾದವಳು ತಾನು. ಬೇಸಿಗೆಯಲ್ಲಿ ಬೀದಿಗೆಲ್ಲ ನೀರಿಲ್ಲದಾಗಲೂ ಒಂದು ಸಲ ಹೀಗಾಗಿ, ಅಂಕಲ್ ಅದನ್ನು ಫೋನಿನಲ್ಲಿ ವಿಡಿಯೋ ತೆಗೆದು ಬೀದಿಯ ಗುಂಪಿಗೆಲ್ಲ ಕಳಿಸಿದ್ದರಂತೆ. ಮೆಟ್ಟಿಲ ಕೆಳಗಿನ ಹಳೆಯ ಸ್ವಿಚ್ಚನ್ನು ಮೊನ್ನೆ ಬಣ್ಣ ಹೊಡೆಸುವಾಗಲೇ ತೆಗೆಸಿ ಬಿಳಿಯ ಪಟ್ಟಿ ಬಡಿಸಿಯಾಗಿತ್ತು. ಇನ್ನು ಮೇಲೆ ಮೋಟರ್ ಬೆಳಿಗ್ಗೆ ಸಂಜೆ ತಾನಾಗಿಯೇ ಹೊತ್ತಿಗೆ ಸರಿಯಾಗಿ ಓಡಿ ನಿಲ್ಲಲಿ, ನಡುವೆ ಬೇಕಾದರೆ ತನ್ನ ಫೋನಿನಿಂದ ತಾನು ಹಾಕುತ್ತೇನೆ ಎಂದಳು ಚೈತ್ರ. ಟ್ಯಾಂಕಿನೊಳಗೆ ಇಡುವ, ತುಂಬಿದಾಗ ತಾನೇ ಆರಿಸುವ ಸೆನ್ಸರ್ ಇನ್ನೂ ಬಂದಿರಲಿಲ್ಲ. ಇಲ್ಲಿಯವರೆಗೆ ಮೈತ್ರೇಯಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಆಮೇಲೆ ಚೈತ್ರ ಬಾಗಿಲ ಕಡೆ ನೋಡಿ ಸ್ವರ ತಗ್ಗಿಸಿದಳು.

"ಅತ್ತೆ ಪ್ಯಾನಲ್‌ನಲ್ಲಿ ಬಟನ್ ಇರ್ಲಿ ಮೇಡಂ. ತೆಗೆದ್ರೆ ನೊಂದ್ಕೊಳ್ತಾರೆ. ಒತ್ತಿದ್ರೆ ಲೈಟ್ ಬರ್ಲಿ, ಸಾಕು. ಮೋಟರ್‌ಗೆ ಕನೆಕ್ಟ್ ಮಾಡ್ಬೇಡಿ."

ಅದರಲ್ಲಿ ಎಷ್ಟು ಪ್ರೀತಿಯಿತ್ತೆಂದರೆ ಮೈತ್ರೇಯಿಗೆ ತಕ್ಷಣ ಅದರ ತಪ್ಪು ಯಾವ ಜಾಗದಲ್ಲಿದೆ ಎಂದು ಬೆರಳಿಟ್ಟು ತೋರಿಸಲಾಗಲಿಲ್ಲ. ಆಫೀಸಿಗೆ ಬಂದು ಭಾರ್ಗವನಿಗೆ ಹೇಳಿದಳು, ಅವನಾದರೂ ಬೇಡ ಅನ್ನಲಿ ಎಂದು. ಅವನು ಪಫ್ಸ್ ತಿನ್ನುತ್ತಿದ್ದವನು ನಕ್ಕು, ಲಿಫ್ಟಿನಲ್ಲಿ ಬಾಗಿಲು ಬೇಗ ಮುಚ್ಚಲಿ ಎಂದು ಜನ ಒತ್ತುವ ಬಟನ್ನಿಗೆ ನಿಜವಾಗಿ ತಂತಿ ಇದೆ ಅಂದುಕೊಂಡಿದ್ದೀರಾ ಮೇಡಂ ಎಂದು ಕೇಳಿದ. ಮೈತ್ರೇಯಿ ಹಾಗೆಯೇ ಅಂದುಕೊಂಡಿದ್ದಳು. ಆ ದಿನ ಮನೆಗೆ ಹೋಗುವಾಗ ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿದಳು. ಮರುದಿನ ಕೂತು ಬಟನ್ ಮಾಡಿದಳು. ಮಾಡುವುದೇ ಆದರೆ ಚೆನ್ನಾಗಿ ಮಾಡಬೇಕು ಎನ್ನುವುದು ಅವಳ ಸ್ವಭಾವ. ಆ ಅರ್ಧ ಸೆಕೆಂಡಿನ ತಡ ಹೊಳೆದಾಗ ಕುರ್ಚಿಯಲ್ಲಿ ಒಬ್ಬಳೇ ನಕ್ಕಿದ್ದಳು ಕೂಡ. ಆ ನಗು ಈಗ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ಕಾಡುತ್ತಿತ್ತು.

ಹನ್ನೊಂದಕ್ಕೆ ಮನೆಯವರಿಗೆ ಪ್ಯಾನಲ್ ಒಪ್ಪಿಸಬೇಕಿತ್ತು. ಬನ್ನೇರುಘಟ್ಟ ರಸ್ತೆಯಲ್ಲಿ ಮೆಟ್ರೋ ಕಂಬಗಳ ನೆರಳು ಬಿಸಿಲು ನೆರಳು ಬಿಸಿಲಿನ ನಡುವೆ ಸ್ಕೂಟರು ಆಮೆಯ ಹಾಗೆ ಸರಿಯುತ್ತಿತ್ತು. ಹಿಂದಿನ ಕಾರಿನವನು ಹಾರ್ನು ಹೊಡೆದರೆ ಅವಳು ಕನ್ನಡಿಯಲ್ಲಿ ಅವನನ್ನು ನೋಡಿ ತಾನೇ ತಪ್ಪು ಮಾಡಿದವಳಂತೆ ತಲೆಬಾಗಿಸಿದಳು. ಚಿಕ್ಕಂದಿನ ಒಂದು ಬೇಸಿಗೆ ರಜೆ ನೆನಪಾಯಿತು. ಆಗ ಸೀನು ಅಣ್ಣನಿಗೆ ಮಾವ ತಂದುಕೊಟ್ಟ ವಿಡಿಯೋ ಗೇಮಿಗೆ ಎರಡು ರಿಮೋಟುಗಳಿದ್ದವು. ಅವಳಿಗೆ ಎಂಟು ವರ್ಷ, ಅವನಿಗೆ ಹನ್ನೆರಡು. ಕೆಂಪು ಅಂಗಿಯವನು ನೀನು ಎಂದು ಹೇಳಿ ಸೀನು ಅವಳ ಕೈಗೆ ಒಂದನ್ನು ಕೊಡುತ್ತಿದ್ದ. ಅದರ ವೈರು ಜಮಖಾನದ ಅಡಿಗೆ ಹೋಗುತ್ತಿತ್ತು. ಅವಳು ಹೆಬ್ಬೆರಳು ಕೆಂಪಾಗುವವರೆಗೆ ಒತ್ತುತ್ತಿದ್ದಳು. ಕೆಂಪು ಅಂಗಿಯವನು ಒಮ್ಮೊಮ್ಮೆ ಅವಳು ಒತ್ತಿದಾಗಲೇ ನೆಗೆಯುತ್ತಿದ್ದ. ಒಂದು ದಿನ ಜಮಖಾನ ಕೊಡವಲು ಎತ್ತಿದಾಗ ವೈರಿನ ತುದಿ ಎಲ್ಲಿಗೂ ಸೇರದೆ ಅಲ್ಲೇ ಬಿದ್ದಿರುವುದು ಕಂಡಿತು, ಪಕ್ಕದಲ್ಲಿ ಒಂದು ಸತ್ತ ಇರುವೆ. ಅವಳು ಜಮಖಾನವನ್ನು ಮೊದಲಿದ್ದ ಹಾಗೆಯೇ ಹಾಸಿದಳು. ಆ ಸಂಜೆಯೂ ಆಡಿದಳು. ರಜೆ ಮುಗಿಯುವವರೆಗೆ ಇನ್ನೂ ಹದಿನೈದು ದಿನ, ಗೊತ್ತಿದ್ದೂ ಒತ್ತಿದಳು, ಗೆದ್ದಾಗ ಕೂಗಿದಳು. ಅಣ್ಣನಿಗೆ ಮುಜುಗರವಾಗದಿರಲಿ ಎಂದು ಹಾಗೆ ಮಾಡಿದೆ ಎಂದು ಇಷ್ಟು ವರ್ಷ ತನ್ನ ದೊಡ್ಡಗುಣವನ್ನು ತಾನೇ ಮೆಚ್ಚಿಕೊಂಡಿದ್ದಳು. ಇವತ್ತು ಜೇಡಿಮರದ ಸಿಗ್ನಲ್ಲಿನಲ್ಲಿ ನಿಂತಿರುವಾಗ ಬೇರೆಯೇ ಅನುಮಾನ ಬಂತು. ಹೇಳಿಬಿಟ್ಟಿದ್ದರೆ ಆಟ ನಿಲ್ಲುತ್ತಿತ್ತು. ಸುಳ್ಳು ರಿಮೋಟಾದರೂ ಸರಿ, ಟೀವಿಯ ಮುಂದೆ ಒಂದು ಜಾಗ ಬೇಕಾಗಿತ್ತು ಅವಳಿಗೆ.

ತಿಮ್ಮರಾಯಪ್ಪನವರ ಮನೆ ಮೂರು ಮಹಡಿಯದು. ಮುಂದೆ ಕಲ್ಲಿನ ಕಂಬ, ಹಿಂದೆ ಎಂಟು ಬಾಡಿಗೆ ಮನೆಗಳ ಕಟ್ಟಡ. ಒಂದು ಕಾಲದಲ್ಲಿ ಇದೆಲ್ಲ ಅವರ ಹೊಲವೇ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಕಾರು ನಿಲ್ಲುತ್ತದೆ ಎಂದು ಹೇಳುವಾಗ ಅವರ ಮುಖದಲ್ಲಿ ಬೇಸರವೇನೂ ಇರುವುದಿಲ್ಲ. ಬಾಗಿಲಲ್ಲೇ ನಿಂತಿದ್ದ ಗೌರಮ್ಮ ಬಾರವ್ವ, ಬಿಸ್ಲಲ್ಲಿ ಬಂದಿದ್ದೀಯ ಎಂದು ಮೈತ್ರೇಯಿಯ ಹೆಲ್ಮೆಟ್ಟನ್ನು ತಾವೇ ಇಸಿದುಕೊಂಡು ದೇವರ ಮನೆಯ ಪಕ್ಕದ ಗೂಡಿನಲ್ಲಿ ಇಟ್ಟರು. ಅರವತ್ತೆಂಟರ ಹೆಂಗಸು, ಗಟ್ಟಿ ಮೈಕಟ್ಟು, ಕೈತುಂಬ ಹಸಿರು ಬಳೆ. ಕಳೆದ ಸಲ ಬಂದಾಗ ಅವರು ಹೇಳಿದ್ದು ಮೈತ್ರೇಯಿಗೆ ನೆನಪಿತ್ತು: ಬಾವಿಯಿಂದ ನೀರೆತ್ತುತ್ತಿದ್ದ ಕಾಲದಿಂದ ಇಲ್ಲಿಯವರೆಗೆ ಈ ಮನೆಯಲ್ಲಿ ನೀರಿನ ಜವಾಬ್ದಾರಿ ಅವರದು. ಬೆಳಿಗ್ಗೆ ಐದಕ್ಕೆ ಎದ್ದು ಮೋಟರ್ ಹಾಕಿ, ಮೆಟ್ಟಿಲ ಮೇಲೆ ಕೂತು, ಪೈಪಿನ ಸದ್ದು ಗೊರಗೊರದಿಂದ ಸಣ್ಣಗಾಗುವುದನ್ನು ಕಿವಿಯಲ್ಲೇ ಹಿಡಿದು ಎದ್ದು ಆರಿಸುತ್ತಿದ್ದರಂತೆ. ಹಳೆಯ ಮನೆಯಲ್ಲಿ ಒಂದು ಹನಿ ಹರಿದದ್ದಿಲ್ಲ. ಈ ಮನೆಯ ಕಿಟಕಿಗಳಿಗೆ ಎರಡು ಪದರ ಗಾಜು, ಬಾಗಿಲು ಹಾಕಿದರೆ ಹೊರಗೆ ಬ್ಯಾಂಡು ಬಾರಿಸಿದರೂ ಕೇಳದು ಎಂದು ಕಂಟ್ರಾಕ್ಟರು ಹೆಮ್ಮೆಯಿಂದ ಹೇಳಿದ್ದ. ಮರೆವು ಅವರದೋ ಕಿಟಕಿಯದೋ ಎಂದು ಮೈತ್ರೇಯಿ ಅವತ್ತೇ ಯೋಚಿಸಿದ್ದಳು. ಯೋಚಿಸಿ ಆ ಯೋಚನೆಯನ್ನು ಮರೆಮಾಡಿದ್ದಳು.

ಒಪ್ಪಿಸುವ ಕಾರ್ಯ ತಿಮ್ಮರಾಯಪ್ಪನವರಿಂದ ಶುರುವಾಯಿತು. ಮೊದಲನೇ ಮಹಡಿಯ ಹಾಲಿನ ಗೋಡೆಯ ಮೇಲೆ ಪ್ಯಾನಲ್ ಬೆಳಗುತ್ತಿತ್ತು, ಅದರ ತಳದಿಂದ ಒಂದು ತಂತಿ ಅವಳ ಲ್ಯಾಪ್‌ಟಾಪಿಗೆ ಬಂದಿತ್ತು. ಪರದೆ ಏರುವುದು, ದೀಪ ಮಂಕಾಗುವುದು, ಗೇಟು ತೆರೆಯುವುದು ಎಲ್ಲವನ್ನೂ ಅವರು ಪಂಚೆಯನ್ನು ಸರಿಮಾಡಿಕೊಳ್ಳುತ್ತ ನೋಡಿದರು. ಕೊನೆಗೆ ನ್ಯೂಸು ಎಲ್ಲಿದೆ, ಸದ್ದು ಜಾಸ್ತಿ ಮಾಡುವುದು ಎಲ್ಲಿದೆ ಎಂದು ಎರಡೇ ಪ್ರಶ್ನೆ ಕೇಳಿದರು. ಉಳಿದದ್ದನ್ನೆಲ್ಲ ಬಚ್ಚಿಟ್ಟುಬಿಡಮ್ಮ, ಕಣ್ಣಿಗೆ ಕಾಣದಿದ್ದರೆ ಕೈ ಹೋಗುವುದಿಲ್ಲ ಎಂದರು. ಹದಿನಾರು ಪುಟ ಜೋಡಿಸಲು ಮೈತ್ರೇಯಿ ಕಳೆದ ಎರಡು ತಿಂಗಳು ಆ ಒಂದು ಮಾತಿನಲ್ಲಿ ಮುಸುಕೆಳೆದುಕೊಂಡು ಮಲಗಿದವು. ಅವರು ಸೋಫಾಗೆ ಹೋದ ಮೇಲೆ ಗೌರಮ್ಮನವರ ಸರದಿ. ಅವರು ಪುಟ ಒಂದೊಂದನ್ನೂ ಓದಿದರು, ತುಟಿಯಾಡಿಸುತ್ತ, ಅಕ್ಷರ ಬಿಡದೆ. ಅಡುಗೆ ಮನೆ. ದೇವರ ಮನೆ. ಗೇಟು. ನೀರು. ನೀರಿನ ಪುಟ ಬಂದಾಗ ನಿಂತರು. ದುಂಡು ಬಟನ್ನನ್ನು ನೋಡಿ, ಹನಿ ಚೆನ್ನಾಗಿ ಬರೆದಿದ್ದೀಯ ಅಂದರು. ಹಿಂದೆ ನಿಂತಿದ್ದ ಚೈತ್ರ ಮೈತ್ರೇಯಿಯ ಕಡೆ ನೋಡಿ ಕಣ್ಣಲ್ಲೇ ಥ್ಯಾಂಕ್ಸ್ ಹೇಳಿದಳು. ಆಮೇಲೆ ಫಾರಂ ತರಿಸಿಕೊಂಡು, ಎಲ್ಲ ಸರಿಯಿದೆ ಎನ್ನುವ ಸಾಲಿನ ಕೆಳಗೆ ಸಹಿ ಹಾಕಿದಳು. ಇನ್ನು ಹತ್ತು ನಿಮಿಷ, ಲ್ಯಾಪ್‌ಟಾಪ್ ಮಡಚಿ ಹೊರಡಬಹುದು ಎಂದು ಮೈತ್ರೇಯಿ ಲೆಕ್ಕ ಹಾಕಿದಳು. ಅಷ್ಟರಲ್ಲಿ ತೆರೆದ ಬಾಗಿಲ ಹೊರಗೆ ಚಪ್ಪಲಿ ಬಿಟ್ಟ ಸದ್ದಾಯಿತು.

ಬಂದವಳು ಹಿಂದಿನ ಕಟ್ಟಡದ ಯಲ್ಲವ್ವ. ಪಿ.ಜಿ. ಒಂದರಲ್ಲಿ ರೊಟ್ಟಿ ಬಡಿಯುವ ಕೆಲಸ, ಊರು ಬಾಗಲಕೋಟೆ ಕಡೆ. ಬಾಗಿಲ ಹೊರಗೇ ನಿಂತು, "ಅಮ್ಮಾರ, ನಳದಾಗ ನೀರ ಬರವಲ್ದುರಿ. ಒಂದೀಟು ಬಿಡ್ರಿ," ಎಂದಳು. ಬೆಳಿಗ್ಗೆ ತಾನಾಗಿ ಓಡಿದ ಮೋಟರಿನ ನೀರು ಎಂಟು ಮನೆಗಳ ಒಗೆತಕ್ಕೆ ಮುಗಿದಿತ್ತು. ಹದಿನೈದು ದಿನ ಆ ಬಟನ್ನಿನ ಮುಂದೆ ಕೂತಿದ್ದರೂ ಮೈತ್ರೇಯಿಯ ಕಣ್ಣಿಗೆ ಬಂದದ್ದು ಗೌರಮ್ಮ ಒಬ್ಬರೇ ನಿಂತು ಒತ್ತಿ ಸಮಾಧಾನವಾಗಿ ಹೋಗುವ ಚಿತ್ರ ಮಾತ್ರ. ನೀರು ಕೇಳಿಕೊಂಡು ಜನ ಬರುತ್ತಾರೆ, ಅವರ ಎದುರಿಗೆ ಒತ್ತಬೇಕಾಗುತ್ತದೆ ಎನ್ನುವುದು ಹೊಳೆದಿರಲೇ ಇಲ್ಲ. ಗೌರಮ್ಮ, ಬಾ ಒಳಗೆ, ಹೊಸದು ನೋಡುವಂತೆ ಎಂದು ಯಲ್ಲವ್ವನನ್ನು ಕರೆದು ಪ್ಯಾನಲ್ ಮುಂದೆ ನಿಲ್ಲಿಸಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ತೋರುಬೆರಳು ಮುಂದೆ ಮಾಡಿ, ಒತ್ತಿದರು. ಅರ್ಧ ಸೆಕೆಂಡು. ಹಸಿರು. ಆಗಿಹೋಯ್ತು ಹೋಗು, ಮೆಟ್ಟಿಲು ಇಳಿಯೋ ಅಷ್ಟರಲ್ಲಿ ಬರ್ತದೆ ಎಂದರು. ಯಲ್ಲವ್ವ ಗಾಜನ್ನು ಬೆರಗಿನಿಂದ ನೋಡಿ, ಚಲೋ ಆತ್ರಿ ಎನ್ನುತ್ತ ಹೋದಳು. ತಿಮ್ಮರಾಯಪ್ಪ ಸೋಫಾದಿಂದ, ಈಗ ನೀನು ಇಂಜಿನಿಯರು ಬಿಡು ಎಂದು ಕಿಚಾಯಿಸಿದರು. ಗೌರಮ್ಮ ನಗಲಿಲ್ಲ. ತಲೆಯನ್ನು ಸ್ವಲ್ಪ ಓರೆಮಾಡಿ ಬಾಗಿಲ ಕಡೆ ಕಿವಿಗೊಟ್ಟು ನಿಂತಿದ್ದರು. ಮೈತ್ರೇಯಿ ಕಣ್ಣಿಗೆ ಬೇಕಾದ್ದನ್ನೆಲ್ಲ ಮಾಡಿದ್ದಳು, ಬಣ್ಣ, ತಡ, ಹನಿ. ಈ ಹೆಂಗಸು ಮೋಟರನ್ನು ಯಾವತ್ತೂ ಕಣ್ಣಿನಿಂದ ನೋಡಿದವರೇ ಅಲ್ಲ.

ಐದು ನಿಮಿಷಕ್ಕೆ ಯಲ್ಲವ್ವ ಮತ್ತೆ ಬಂದಳು, ಈ ಸಲ ಕೈಯಲ್ಲಿ ಖಾಲಿ ಕೊಡ. ಕೊಡವನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. ಗೌರಮ್ಮ ಮತ್ತೆ ಒತ್ತಿದರು. ಹಸಿರಿದ್ದದ್ದು ಬೂದಾಯಿತು. ಇನ್ನೊಮ್ಮೆ ಒತ್ತಿದರು, ಬೂದಿದ್ದದ್ದು ಮೆಲ್ಲಗೆ, ಎಷ್ಟು ಚೆಂದವಾಗಿ, ಹಸಿರಾಯಿತು. ಮೆಟ್ಟಿಲ ಕಡೆಯಿಂದ ಸದ್ದಿಲ್ಲ. ಮೈತ್ರೇಯಿ ಲ್ಯಾಪ್‌ಟಾಪಿನಲ್ಲಿ ಏನೋ ಹುಡುಕುವವಳಂತೆ ತಲೆ ತಗ್ಗಿಸಿದಳು. ಪರದೆಯ ಮೇಲೆ ಅವಳದೇ ಮುಖ ಮಸುಕಾಗಿ ಕಾಣುತ್ತಿತ್ತು. ಈಗ ಬೈಯುತ್ತಾರೆ, ಏನು ಮಾಡಿಟ್ಟಿದ್ದೀಯ ಎಂದು ಕೇಳುತ್ತಾರೆ, ಕೇಳಿದರೆ ಹೇಳಿಬಿಡಬಹುದು ಎಂದು ಕಾದಳು. ಗೌರಮ್ಮ ತಮ್ಮ ತೋರುಬೆರಳನ್ನು ಮುಖದ ಹತ್ತಿರ ತಂದು ನೋಡಿಕೊಂಡರು. ಸೆರಗಿನ ತುದಿಯಿಂದ ಅದನ್ನು ಒರೆಸಿದರು.

"ನನ್ ಬೆರಳು ಒರಟು ಕಣವ್ವ," ಎಂದರು ಮೈತ್ರೇಯಿಗೆ, ಕ್ಷಮೆ ಕೇಳುವವರ ಹಾಗೆ. "ಕಳೆ ಕಿತ್ತು ಕಿತ್ತು ಹಿಂಗಾಗೈತೆ. ಗಾಜಿಗೆ ಗೊತ್ತಾಗ್ತಿಲ್ಲ."

ಆರಿಸಿ ಮತ್ತೆ ಒತ್ತಿದರು, ಈ ಸಲ ಬಹಳ ಮೆತ್ತಗೆ, ಮಗುವಿನ ಕೆನ್ನೆ ಮುಟ್ಟುವ ಹಾಗೆ. ಚೈತ್ರಳ ಮುಖ ಬಣ್ಣ ಕಳೆದುಕೊಂಡಿತ್ತು. ಅವಳು ಅಡುಗೆ ಮನೆಯ ಕಡೆ ತಿರುಗಿ ಫೋನನ್ನು ಸೊಂಟದ ಹತ್ತಿರ ಹಿಡಿದು ಏನೋ ಒತ್ತಿದಳು. ಮೆಟ್ಟಿಲ ಕೆಳಗಿಂದ ಗುಂಯ್ ಎಂದು ಸದ್ದೆದ್ದಿತು. ಈಗ ಬಂತು ನೋಡು, ಮೆತ್ತಗೆ ಒತ್ತಬೇಕು ಇದಕ್ಕೆ ಎಂದು ಗೌರಮ್ಮ ಯಲ್ಲವ್ವನಿಗೆ ತಿಳಿಸಿ ಹೇಳಿದರು. ಸೊಸೆಗೂ ತೋರಿಸಿಕೊಟ್ಟರು, ನೋಡ್ಕಳವ್ವ, ಹಿಂಗೆ ಎಂದು. ಚೈತ್ರ ಹೂಂ ಅತ್ತೆ ಎಂದಳು. ಅವಳ ದನಿಯಲ್ಲಿದ್ದದ್ದು ಗೆಲುವಲ್ಲ; ಮೈತ್ರೇಯಿಗೆ ಅದು ಚೆನ್ನಾಗಿ ಗೊತ್ತಿದ್ದ, ಬೇರೆ ದಾರಿ ಕಾಣದೆ ಹೂಂ ಎನ್ನುವವರ ದನಿ. ಕಾಲು ಗಂಟೆಯ ನಂತರ, ಗೌರಮ್ಮ ಬಟನ್ ಒತ್ತಿ ಬೂದು ಮಾಡುವ ಹೊತ್ತಿಗೇ ಫೋನಿನಿಂದ ಮೋಟರ್ ನಿಲ್ಲಿಸಿ, ಮೀಟಿಂಗಿದೆ ಮೇಡಂ ಎಂದು ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಚೈತ್ರ ಮೇಲಿನ ರೂಮಿಗೆ ಹೋದಳು. ಹೋಗುವಾಗ ಮೈತ್ರೇಯಿಯ ಕಣ್ಣು ತಪ್ಪಿಸಿದಳು.

ಸಹಿಯಾದ ಮೇಲೆ ಒಂದು ಅಕ್ಷರವನ್ನೂ ಮುಟ್ಟಬಾರದು ಎನ್ನುವುದು ಭಾರ್ಗವನ ಎರಡನೇ ನಿಯಮ. ತಂತಿ ಇನ್ನೂ ಪ್ಯಾನಲಿಗೆ ಸಿಕ್ಕಿಕೊಂಡಿತ್ತು. ಗೌರಮ್ಮ ಕಾಫಿ ತರಲು ಒಳಗೆ ಹೋಗಿದ್ದರು. ತಿಮ್ಮರಾಯಪ್ಪ ನ್ಯೂಸಿನ ಸದ್ದನ್ನು ಜಾಸ್ತಿ ಮಾಡಿ, ಕಮ್ಮಿ ಮಾಡಿ, ಮತ್ತೆ ಜಾಸ್ತಿ ಮಾಡಿ ಆನಂದಪಡುತ್ತಿದ್ದರು. ಮೈತ್ರೇಯಿ ನೀರಿನ ಪುಟ ತೆರೆದಳು. ಆ ಬಟನ್ನಿನ ಮುಂದೆ, ಒತ್ತಿದಾಗ ಏನಾಗಬೇಕು ಎಂದು ಕೇಳುವ ಜಾಗ ಖಾಲಿಯಿತ್ತು. ಅಲ್ಲಿ ಪಟ್ಟಿಯಿಂದ ಮೋಟರನ್ನು ಆಯ್ದು ಟಿಕ್ ಹಾಕುವುದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು ಬೇಕಾಯಿತು. ಧೈರ್ಯವಿದ್ದವಳಾದರೆ ಚೈತ್ರಳನ್ನು ಕರೆದು, ಇದು ಸರಿಯಲ್ಲ, ನಾನು ಮಾಡುವುದಿಲ್ಲ ಎನ್ನುತ್ತಿದ್ದಳು. ಆ ಮಾತು ನಾಲಿಗೆಯವರೆಗೆ ಬಂದು ವಾಪಸು ಹೋಗುವುದು ಅವಳಿಗೇ ಗೊತ್ತಾಯಿತು. ಬದಲಿಗೆ ಇನ್ನೊಂದು ನೆನಪಾಯಿತು: ಗೌರಮ್ಮ ಮೋಟರ್ ಹಾಕಿದರೆ ಚೈತ್ರಳ ಫೋನಿನಲ್ಲೂ ಹಸಿರು ದೀಪ ಬರುತ್ತದೆ, ಬಂದರೆ ಗೊತ್ತಾಗುತ್ತದೆ. ಆ ದೀಪದ ಪಕ್ಕದ 'ತೋರಿಸು' ಎನ್ನುವ ಟಿಕ್ಕನ್ನು ತೆಗೆದಳು. ಅಲ್ಲಿಗೆ ಒಂದು ಸುಳ್ಳನ್ನು ನಿಜ ಮಾಡಲು ಹೋಗಿ ಇನ್ನೊಂದು ನಿಜವನ್ನು ಬಚ್ಚಿಟ್ಟಂತಾಯಿತು. ಅತ್ತೆಯ ಬಟನ್ ಈಗ ಕೆಲಸ ಮಾಡುತ್ತದೆ, ಅದು ಸೊಸೆಗೆ ಗೊತ್ತಿಲ್ಲ. ಮೊದಲು ಕೆಲಸ ಮಾಡುತ್ತಿರಲಿಲ್ಲ, ಅದು ಅತ್ತೆಗೆ ಗೊತ್ತಿರಲಿಲ್ಲ. ಇಬ್ಬರ ನಡುವೆ ಎಲ್ಲ ಗೊತ್ತಿರುವವಳು ತಾನೊಬ್ಬಳೇ ಎನ್ನುವುದು ಅವಳಿಗೆ ನೆಮ್ಮದಿ ಕೊಡುವ ಸಂಗತಿಯಾಗಿರಲಿಲ್ಲ.

ಕಾಫಿ ಕುಡಿದು, ಅಮ್ಮ, ಇನ್ನೊಂದ್ಸಲ ಒತ್ತಿ ನೋಡಿ ಎಂದಳು. ಗೌರಮ್ಮ ಒತ್ತಿದರು. ಹಸಿರು ಬರುವುದಕ್ಕೂ ಕೆಳಗಿಂದ ಸದ್ದು ಏಳುವುದಕ್ಕೂ ಸರಿಹೋಯಿತು. ಆ ಅರ್ಧ ಸೆಕೆಂಡಿನ ತಡ ನಿಜವಾದ ಮೋಟರಿಗೆ ಇಷ್ಟು ಹೊಂದುತ್ತದೆ ಎಂದು ಅವಳು ಎಣಿಸಿರಲಿಲ್ಲ. ಆರಿಸುವುದು ಮರೆಯಬೇಡಿ ಎಂದು ಹೇಳಹೋದವಳಿಗೆ ಗೌರಮ್ಮ, ನೀನು ಹುಟ್ಟೋಕೆ ಮುಂಚಿಂದ ಆರಿಸ್ತಿದ್ದೀನಿ ಎಂದು ಸುಮ್ಮನಾಗಿಸಿದರು. ಹೊರಟವಳನ್ನು ಹಾಗೇ ಬಿಡಲಿಲ್ಲ. ಹೊಸ ಮನೆಗೆ ಕೆಲಸ ಮಾಡಿಕೊಟ್ಟ ಹೆಣ್ಣುಮಗಳು ಎಂದು ಮಣೆಯ ಮೇಲೆ ಕೂರಿಸಿ, ಅರಿಸಿನ ಕುಂಕುಮ ಕೊಟ್ಟು, ಎಲೆ ಅಡಿಕೆ, ಬಾಳೆಹಣ್ಣು, ರವಿಕೆ ಕಣ ಮಡಿಲಿಗೆ ಹಾಕಿದರು. ಯಾವ ಬಣ್ಣ ಬೇಕು ಎಂದು ಮೂರು ಕಣ ತಂದು ತೋರಿಸಿ, ಅವಳು ಯಾವುದಾದರೂ ಆಗಬಹುದು ಎಂದಾಗ ಹಂಗೆಲ್ಲ ಅನ್ನಬಾರದು, ಬೇಕಾದ್ದು ಹೇಳಬೇಕು ಎಂದು ಗದರಿದರು. ಇದೆಲ್ಲ ನಡೆಯುವಾಗ ಯಾರೋ ಬಾಗಿಲು ಹಾಕಿದ್ದರು. ಹಾಲಿನೊಳಗೆ ನ್ಯೂಸಿನವನೊಬ್ಬ ಕೂಗುತ್ತಿದ್ದ. ಬೇರೆ ಯಾವ ಸದ್ದೂ ಇರಲಿಲ್ಲ.

ಗೇಟಿನ ಹೊರಗೆ ಬಂದು ಹೆಲ್ಮೆಟ್ಟಿನ ಬಕಲು ಹಾಕಿಕೊಂಡ ಮೇಲೂ ಅವಳು ಸ್ಕೂಟರು ಹತ್ತಲಿಲ್ಲ. ಎದುರು ಬದಿಯಲ್ಲಿ ನಿಂತು ಫೋನು ನೋಡುವವಳಂತೆ ನಟಿಸುತ್ತ ಹಿಂದಿನ ಕಟ್ಟಡದ ತುದಿಯಲ್ಲಿದ್ದ ಕರಿಯ ಟ್ಯಾಂಕನ್ನು ನೋಡಿದಳು. ಅದರ ಕುತ್ತಿಗೆಯಿಂದ ಒಂದು ಬಿಳಿಯ ಪೈಪು ಪಕ್ಕದ ಕಾಂಪೌಂಡಿನ ಮೇಲಕ್ಕೆ ಚಾಚಿತ್ತು. ಮೋಟರ್ ಹಾಕಿ ಅರ್ಧ ಗಂಟೆಯ ಮೇಲಾಗಿತ್ತು. ಆರಿಸಿರುತ್ತಾರೆ ಎಂದುಕೊಂಡಳು. ಆರಿಸಿರದಿದ್ದರೆ ಚೈತ್ರ ಹೇಳಿದ್ದೇ ಸರಿ, ತಾನು ಮಾಡಿದ್ದು ತಪ್ಪು. ಆರಿಸಿದ್ದರೆ ತಾನು ಸರಿ. ಒಬ್ಬ ಮುದುಕಿಯ ನೆನಪಿನ ಮೇಲೆ ತನ್ನ ಮರ್ಯಾದೆಯನ್ನೆಲ್ಲ ಹೀಗೆ ನೇತುಹಾಕಿದ್ದಕ್ಕೆ ನಾಚಿಕೆಯಾಯಿತು. ಪೈಪಿನ ಬಾಯಲ್ಲಿ ಏನೋ ಮಿನುಗಿತು. ಮೊದಲು ಹನಿ, ಆಮೇಲೆ ದಾರ, ಆಮೇಲೆ ಧಾರಾಳವಾಗಿ ನೀರು, ಕೆಳಗೆ ನಿಂತಿದ್ದ ಬಿಳಿಯ ಕಾರಿನ ನೆತ್ತಿಯ ಮೇಲೆ ತಮಟೆ ಬಡಿಯುವ ಸದ್ದು ಮಾಡುತ್ತ ಬಿತ್ತು. ಹೋಗಿ ಬೆಲ್ ಒತ್ತಬೇಕು. ಒತ್ತಿದರೆ ಚೈತ್ರ ಇಳಿದು ಬರಬಹುದು. ಭಾರ್ಗವನಿಗೆ ಫೋನು ಮಾಡಿ ಆಫೀಸಿನಿಂದಲೇ ನಿಲ್ಲಿಸಿ ಎನ್ನಬಹುದು. ಮಾಡಿದರೆ ಯಾಕೆ ಓಡುತ್ತಿದೆ ಎಂದು ಅವನು ಕೇಳುತ್ತಾನೆ. ಅವಳು ಎಲ್ಲ ದಾರಿಯನ್ನೂ ಯೋಚಿಸುತ್ತ ಒಂದು ದಾರಿಯಲ್ಲೂ ಹೋಗದೆ ನಿಂತಿರುವಾಗ ಪಕ್ಕದ ಗೇಟು ತೆರೆದು ಬನಿಯನ್ನು ಪೈಜಾಮದ ಒಬ್ಬರು ಹೊರಗೆ ಬಂದರು. ಕೈಲಾಸ್ ಅಂಕಲ್ ಇರಬೇಕು. ಕಾರನ್ನು ನೋಡಿದರು, ಆಕಾಶ ನೋಡಿದರು, ಅವಳನ್ನು ನೋಡಿದರು. ಈ ಮನೆಯವರೇನಮ್ಮ ಎಂದು ಕೇಳಿದರು. ಅಲ್ಲ ಅಂಕಲ್ ಎಂದಳು ಮೈತ್ರೇಯಿ, ಗೌರಮ್ಮ ಕೊಟ್ಟ ತಾಂಬೂಲದ ಚೀಲವನ್ನು ಬೆನ್ನ ಹಿಂದೆ ಹಿಡಿದುಕೊಂಡು.

ಆಗ ಮೊದಲನೇ ಮಹಡಿಯ ಬಾಲ್ಕನಿಯ ಗಾಜಿನ ಬಾಗಿಲು ಸರಿಯಿತು. ಗೌರಮ್ಮ ಹೊರಗೆ ಬಂದು, ಬಟ್ಟೆ ಒಣಹಾಕಲು ಬಂದವರಂತೆ ಒಂದು ಕ್ಷಣ ನಿಂತು, ತಲೆ ಓರೆಮಾಡಿದರು. ನೀರು ಬೀಳುವ ಸದ್ದು ಕಿವಿಗೆ ಬಿತ್ತು. ಆ ವಯಸ್ಸಿಗೆ ಅಷ್ಟು ಬೇಗ ತಿರುಗಬಹುದೆಂದು ಮೈತ್ರೇಯಿ ಅಂದುಕೊಂಡಿರಲಿಲ್ಲ. ಬಾಗಿಲು ತೆರೆದೇ ಇತ್ತು. ಅವಳು ಕೆಳಗೆ ನಿಂತೇ ಎಣಿಸಿದಳು. ಹಾಲು, ಪ್ಯಾನಲ್, ನೀರಿನ ಪುಟ, ಬಟನ್, ಬೆರಳು. ಧಾರೆ ದಾರವಾಯಿತು. ದಾರ ಹನಿಯಾಯಿತು. ನಿಂತಿತು. ತಡವಾಗಿತ್ತು, ನಿಜ. ಆದರೆ ಯಾರೂ ಹೇಳದೆ, ಯಾರೂ ಕದ್ದು ಫೋನು ಒತ್ತದೆ ನಿಂತಿತ್ತು. ಗೌರಮ್ಮ ಮತ್ತೆ ಬಾಲ್ಕನಿಗೆ ಬಂದು ಕಂಬಿ ಹಿಡಿದು ಬಗ್ಗಿ ಕೆಳಗೆ ನೋಡಿದರು. ಮೈತ್ರೇಯಿಯನ್ನು ಕಂಡು ಕೈಬೀಸಿ ಹತ್ತಿರ ಕರೆದು, ಪಿಸುಮಾತು ಎಂದು ತಾವು ನಂಬಿದ್ದ, ಇಡೀ ಬೀದಿಗೆ ಕೇಳಿಸುವ ದನಿಯಲ್ಲಿ ಹೇಳಿದರು.

"ಲೇ ಅವ್ವ, ಈಗ ನೀರು ಬಿದ್ದಿದ್ದು ನಮ್ ಚೈತ್ರಂಗೆ ಹೇಳ್ಬೇಡ. ಪಾಪ, ಬೇಜಾರು ಮಾಡ್ಕತಾಳೆ."

ಮೈತ್ರೇಯಿ ತಲೆಯಾಡಿಸಿದಳು. ಪಕ್ಕದಲ್ಲಿ ಕೈಲಾಸ್ ಅಂಕಲ್, ಈ ಮನೆಯವರಲ್ಲ ಅಂದ್ರಲ್ಲ ಎಂದು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ಅವಳು ಹೆಲ್ಮೆಟ್ಟು ತೆಗೆದಳು.

"ಸಾರಿ ಅಂಕಲ್," ಎಂದಳು. "ಇನ್ಮೇಲೆ ನೋಡ್ಕೊಳ್ತೀವಿ."

ನಿಮ್ಮನೆಯವರು ಪ್ರತಿ ಸಲ ಇದನ್ನೇ ಹೇಳ್ತೀರ ಎಂದು ಗೊಣಗುತ್ತ ಅವರು ಕಾರು ಒರೆಸುವ ಬಟ್ಟೆ ತರಲು ಒಳಗೆ ಹೋದರು.